ಕಡಲಿನ ಸಿರಿಯೂ ಬಡವನ ಬಯಕೆಯೂ

ಬಡವನೊಬ್ಬನು ಮನೆಯನ್ನು ಬಿಟ್ಟು ಹೊರಟು, ಕಷ್ಟಕೋಟಲೆಗಳನ್ನು ಹಾಯ್ದು, ಕೊನೆಗೆ ಸಿರಿವಂತನಾಗಿ ಹಿಂದಿರುಗುವ ಕಥೆಗೆ ದೇಶಕಾಲಗಳ ಕಟ್ಟಿಲ್ಲ. ನಮ್ಮ ಅಜ್ಜಿಯರು ಹೇಳುವ ಕಥೆಗಳಲ್ಲಿ ಅವನು ಕಾಡಿನ ದಾರಿ ಹಿಡಿಯುತ್ತಾನೆ. ದ್ವೀಪವಾಸಿಗಳಾದ ಇಂಗ್ಲಿಷರ ಕಥೆಗಳಲ್ಲಿ ಕಡಲಿನ ದಾರಿ ಹಿಡಿಯುತ್ತಾನೆ. ಕಾಡಾದರೇನು, ಕಡಲಾದರೇನು, ಕೇಳುವವನ ಮನಸ್ಸು ಕಾತರದಿಂದ ಅವನ ಬೆನ್ನು ಹತ್ತಿ ಹೋಗುತ್ತದೆ. ಉಣ್ಣಲಿಲ್ಲದವನು ಉಂಡನೆಂದರೆ, ಉಡಲಿಲ್ಲದವನು ಉಟ್ಟನೆಂದರೆ ಸಂತೋಷಪಡದ ಹೃದಯ ಯಾವುದು? ಆದುದರಿಂದಲೇ ಇಂಗ್ಲಿಷ್ ಸಾಹಿತ್ಯದಲ್ಲಿ ಚಾರಿತ್ರಿಕ ನೌಕಾಸಾಹಸದ ಕಾದಂಬರಿಗಳು ಒಂದು ಪ್ರತ್ಯೇಕ ಪರಂಪರೆಯಾಗಿ ಬೆಳೆದು, ಇಂದಿಗೂ ಲಕ್ಷಾಂತರ ವಾಚಕರನ್ನು ಉಳಿಸಿಕೊಂಡಿವೆ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ಊರೂರುಗಳಲ್ಲಿ ಉದ್ಯೋಗಸ್ಥರಾಗಿರುವ ಶಿಷ್ಯರು, ತಮ್ಮ ಮಕ್ಕಳ ಕೈಯಲ್ಲಿ ಇಂಥ ಪುಸ್ತಕಗಳನ್ನು ಕಂಡು, “ಇವು ಓದತಕ್ಕವೇ, ಬುದ್ಧಿಯವರೆ?” ಎಂದು ನಮ್ಮನ್ನು ಕೇಳುವುದುಂಟು. ಹೌದು ಅಥವಾ ಅಲ್ಲ ಎಂಬ ಒಂದು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲು ಬಾರದು. ರಕ್ತಪಾತವಿದೆಯೆಂದು ತಳ್ಳಿಹಾಕಿದರೆ ಮಹಾಭಾರತವನ್ನೂ ತಳ್ಳಬೇಕಾಗುತ್ತದೆ. ಧನದಾಸೆಯಿದೆಯೆಂದು ದೂಷಿಸಿದರೆ ಲೋಕದ ಅರ್ಧ ಕಥೆಗಳು ಹೋಗುತ್ತವೆ. ಅರ್ಥವೂ ಒಂದು ಪುರುಷಾರ್ಥವೇ. ಆದ್ದರಿಂದ ಬಡವನು ಸಿರಿಯನ್ನು ಬಯಸಿದನೆಂಬುದು ಆಕ್ಷೇಪಣೆಯಾಗಲಾರದು. ಅವನಿಗೆ ದೊರೆತ ಸಿರಿ ಯಾರದಾಗಿತ್ತು, ಅದನ್ನು ಕಳೆದುಕೊಂಡವನ ಮುಖವನ್ನು ಲೇಖಕನು ಒಮ್ಮೆಯಾದರೂ ನೋಡಿದನೆ, ನಮಗೆ ತೋರಿಸಿದನೆ ಎಂಬುದೇ ಕೇಳಬೇಕಾದ ಪ್ರಶ್ನೆ. ಈ ಒಂದು ಒರೆಗಲ್ಲಿನ ಮೇಲೆ ನಾಲ್ವರು ಪ್ರಸಿದ್ಧ ಲೇಖಕರ ಕೃತಿಗಳನ್ನು ಉಜ್ಜಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಈ ಕಥೆಗಳ ಹಿನ್ನೆಲೆಯಲ್ಲಿರುವ ವ್ಯವಸ್ಥೆಯನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ನೌಕಾಪಡೆಯಲ್ಲಿ ನುರಿತ ನಾವಿಕನ ಸಂಬಳ ತಿಂಗಳಿಗೆ 24 ಷಿಲಿಂಗು. ಇಪ್ಪತ್ತೆಂಟು ದಿನಕ್ಕೆ ಒಂದು ತಿಂಗಳೆಂದು ಲೆಕ್ಕ. 1653ರಲ್ಲಿ ಗೊತ್ತುಮಾಡಿದ ಈ ಸಂಬಳ 1797ರವರೆಗೆ, ಅಂದರೆ ಸುಮಾರು ಒಂದೂವರೆ ಶತಮಾನ, ಏರಲೇ ಇಲ್ಲ. ಆ ವರ್ಷ ಸ್ಪಿಟ್‌ಹೆಡ್ ಎಂಬಲ್ಲಿ ನಾವಿಕರು ಒಗ್ಗಟ್ಟಾಗಿ ಹಡಗು ನಡೆಸಲು ನಿರಾಕರಿಸಿದ ಮೇಲೆಯೇ ಸರಕಾರ ಕಣ್ತೆರೆಯಿತು. ಅನೇಕರು ಸ್ವಇಚ್ಛೆಯಿಂದ ಸೇರಿದವರೂ ಅಲ್ಲ. ಬಂದರಿನ ಬೀದಿಗಳಲ್ಲಿಯೂ ವ್ಯಾಪಾರದ ಹಡಗುಗಳಲ್ಲಿಯೂ ಬಲಾತ್ಕಾರದಿಂದ ಹಿಡಿದು ತಂದವರು. ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧಗಳಲ್ಲಿ ಶತ್ರುವಿನ ಗುಂಡಿಗೆ ಸತ್ತವರಿಗಿಂತ ರೋಗ, ಅಪಘಾತ ಹಾಗೂ ಹಡಗು ಒಡೆದು ಮುಳುಗಿದ್ದರಿಂದ ಸತ್ತ ನಾವಿಕರ ಸಂಖ್ಯೆ ಎಷ್ಟೋ ಪಾಲು ಹೆಚ್ಚು.

ಇಂಥ ಬಾಳಿನಲ್ಲಿ ಬಡ ನಾವಿಕನಿಗಿದ್ದ ಒಂದೇ ಆಸೆ ‘ಪ್ರೈಜ್ ಮನಿ’. ನಾವು ಇದನ್ನು ‘ಸೆರೆಪಾಲು’ ಎಂದು ಕರೆಯೋಣ. ಶತ್ರುರಾಜ್ಯದ ಹಡಗನ್ನು ಹಿಡಿದರೆ ಅದನ್ನು ನೌಕಾನ್ಯಾಯಾಲಯದ ಮುಂದಿಟ್ಟು, ಹಡಗನ್ನೂ ಸರಕನ್ನೂ ಮಾರಿ, ಬಂದ ಹಣವನ್ನು ಹಿಡಿದವರಿಗೇ ಹಂಚುವ ಪದ್ಧತಿ ಅದು. 1708ರ ಶಾಸನವು ದೊರೆಯ ಪಾಲನ್ನೂ ಹಿಡಿದವರಿಗೇ ಬಿಟ್ಟುಕೊಟ್ಟಿತು. ಹಣವನ್ನು ಎಂಟು ಭಾಗ ಮಾಡಿ, ಮೂರು ಭಾಗ ಕಪ್ತಾನನಿಗೆ. ಅವನು ಯಾವ ಸೇನಾಪತಿಯ ಕೈಕೆಳಗಿದ್ದನೋ ಅವನಿಗೆ ಅದರಲ್ಲೊಂದು. ಮೂರು ಭಾಗ ಬೇರೆಬೇರೆ ದರ್ಜೆಯ ಅಧಿಕಾರಿಗಳಿಗೆ. ಉಳಿದ ಎರಡು ಭಾಗವನ್ನು ನೂರಾರು ನಾವಿಕರು ಹಂಚಿಕೊಳ್ಳಬೇಕು. 1808ರಲ್ಲಿ ಈ ಹಂಚಿಕೆ ಬದಲಾಗಿ ಕೆಳಗಿನವರಿಗೆ ತುಸು ಹೆಚ್ಚು ದೊರೆಯಿತು.

1762ರಲ್ಲಿ ಎರಡು ಇಂಗ್ಲಿಷ್ ಹಡಗುಗಳು ‘ಹರ್ಮಿಯೋನೆ’ ಎಂಬ ಸ್ಪೇನಿನ ಹಡಗನ್ನು ಹಿಡಿದವು. ಕಪ್ತಾನರಿಬ್ಬರಿಗೆ ತಲಾ 65,000 ಪೌಂಡು ಬಂದರೆ, ಸಾಮಾನ್ಯ ನಾವಿಕನಿಗೆ 485 ಪೌಂಡು ಬಂತು. ಅಸಮಾನತೆ ಕಣ್ಣಿಗೆ ರಾಚುತ್ತದೆ, ನಿಜ. ಆದರೂ ಆ 485 ಪೌಂಡು ಅವನ ಮೂವತ್ತು ವರ್ಷಗಳ ಸಂಬಳಕ್ಕಿಂತ ಹೆಚ್ಚು! ಇಂಥ ಒಂದು ಸುದ್ದಿ ಸಾವಿರ ಬಡವರ ತಲೆ ತಿರುಗಿಸಲು ಸಾಕು. ಲಾಟರಿ ಚೀಟಿ ಕೊಳ್ಳುವ ಕೂಲಿಕಾರನ ಮನಸ್ಸನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾದಂಬರಿಕಾರರಿಗೆ ದೊರೆತ ಕಥಾಬೀಜ ಇದೇ.

ಈ ಪರಂಪರೆಯ ಜನಪ್ರಿಯ ಕೃತಿಗಳಲ್ಲಿ ಅಗ್ರಗಣ್ಯವಾದುದು ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲೆಂಡ್’. 1881–82ರಲ್ಲಿ ಬಾಲಕರ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಗ್ರಂಥರೂಪ ತಾಳಿದ ಈ ಕಥೆಯನ್ನು ನಮ್ಮಲ್ಲನೇಕರು ಶಾಲೆಯಲ್ಲಿದ್ದಾಗ ಸಂಕ್ಷಿಪ್ತ ರೂಪದಲ್ಲಿ ಓದಿರುತ್ತಾರೆ. ಇಲ್ಲಿಯದು ನೌಕಾಪಡೆಯ ಸೆರೆಪಾಲಲ್ಲ, ಕಡಲ್ಗಳ್ಳರು ಹೂತಿಟ್ಟ ನಿಧಿ. ಹೆದ್ದಾರಿಯ ಬದಿಯ ಛತ್ರದಂಥ ಒಂದು ಪುಟ್ಟ ವಸತಿಗೃಹವನ್ನು ನಡೆಸುವವನ ಮಗ ಜಿಮ್ ಹಾಕಿನ್ಸ್ ಆ ನಿಧಿಯನ್ನರಸಿ ಹೋಗುತ್ತಾನೆ. ಒಂಟಿಕಾಲಿನ ಅಡುಗೆಯವನಾಗಿ ಬಂದ ಜಾನ್ ಸಿಲ್ವರ್ ಹಡಗಿನಲ್ಲಿ ದಂಗೆಯೆಬ್ಬಿಸುತ್ತಾನೆ.

ಬಾಲಕರ ಕಥೆಯೆಂದು ನಾವು ಹಗುರವಾಗಿ ಕಾಣುವ ಈ ಕೃತಿಯಲ್ಲಿ ಸ್ಟೀವನ್‌ಸನ್ ಅವರು ಮಾಡಿರುವ ಎರಡು ಕೆಲಸಗಳು ಗಮನಾರ್ಹವಾಗಿವೆ. ನಿಧಿ ಕಣ್ಣಿಗೆ ಬಿದ್ದಾಗ ಜಿಮ್ ಕುಣಿದಾಡುವುದಿಲ್ಲ. ಇದು ಕೂಡಿಬರಲು ಎಷ್ಟು ರಕ್ತ ಹರಿಯಿತೋ, ಎಷ್ಟು ಹಡಗುಗಳು ಮುಳುಗಿದವೋ, ಎಷ್ಟು ಸುಳ್ಳು, ಎಷ್ಟು ಕ್ರೌರ್ಯ ಇದರ ಹಿಂದಿದೆಯೋ ಎಂದು ಅವನ ಮನಸ್ಸು ಲೆಕ್ಕ ಹಾಕುತ್ತದೆ. ಇದು ಒಂದು. ಕಥೆಯ ಕೊನೆಯಲ್ಲಿ ಆ ಹಣ ಎಲ್ಲರನ್ನೂ ಉದ್ಧರಿಸಿದಂತೆ ಚಿತ್ರಿಸಿಲ್ಲವೆಂಬುದು ಇನ್ನೊಂದು. ವರ್ಷಗಟ್ಟಲೆ ದ್ವೀಪದಲ್ಲಿ ಒಂಟಿಯಾಗಿ ಉಳಿದಿದ್ದ ಬೆನ್ ಗನ್ ಎಂಬವನು ತನಗೆ ಬಂದ ಸಾವಿರ ಪೌಂಡನ್ನು ಹತ್ತೊಂಬತ್ತು ದಿನಗಳಲ್ಲಿ ಕಳೆದು ಮತ್ತೆ ಬೇಡಲು ಬರುತ್ತಾನೆ. ಜಿಮ್ಮನಿಗಾದರೋ ಆ ದ್ವೀಪದ ಅಲೆಗಳ ಮೊರೆತ ಕನಸಿನಲ್ಲಿ ಕೇಳಿಸಿ ಬೆಚ್ಚಿ ಏಳುವಂತಾಗುತ್ತದೆ. ಅದ್ಭುತರಸದಿಂದ ಆರಂಭವಾದ ಕಥೆ ಭಯಾನಕದ ನೆರಳಿನಲ್ಲಿ ಮುಗಿಯುತ್ತದೆ. ನಿಧಿಯ ಹಿಂದಿರುವ ಹೆಣಗಳನ್ನು ಎಣಿಸಲು ಬಾಲಕನಿಗೂ ಕಲಿಸಬಹುದೆಂದು ಸ್ಟೀವನ್‌ಸನ್ ತೋರಿಸಿಕೊಟ್ಟಿದ್ದಾರೆ.

ಇನ್ನು ಇಪ್ಪತ್ತನೆಯ ಶತಮಾನದ ಇಬ್ಬರು ಲೇಖಕರತ್ತ ಬರೋಣ. ಸಿ. ಎಸ್. ಫಾರೆಸ್ಟರ್ (1899–1966) ಅವರು 1937ರಲ್ಲಿ ‘ದಿ ಹ್ಯಾಪಿ ರಿಟರ್ನ್’ ಎಂಬ ಕಾದಂಬರಿಯಿಂದ ಹೊರೇಷಿಯೋ ಹಾರ್ನ್‌ಬ್ಲೋವರ್ ಎಂಬ ನಾಯಕನನ್ನು ಸೃಷ್ಟಿಸಿದರು. ಪ್ಯಾಟ್ರಿಕ್ ಓಬ್ರಿಯನ್ (1914–2000) ಅವರು 1969ರಲ್ಲಿ ಪ್ರಕಟವಾದ ‘ಮಾಸ್ಟರ್ ಅಂಡ್ ಕಮ್ಯಾಂಡರ್’ ಮೊದಲುಗೊಂಡು, 1999ರವರೆಗೆ ಇಪ್ಪತ್ತು ಕಾದಂಬರಿಗಳಲ್ಲಿ ಕಪ್ತಾನ ಜಾಕ್ ಆಬ್ರಿ ಮತ್ತು ವೈದ್ಯ ಸ್ಟೀಫನ್ ಮ್ಯಾಟುರಿನ್ ಎಂಬ ಇಬ್ಬರು ಮಿತ್ರರ ಕಥೆ ಹೇಳಿದರು. ಇವರಿಬ್ಬರನ್ನೂ ಹೋಲಿಸಿ ನೋಡಲು ಚರಿತ್ರೆಯೇ ಒಂದು ಅವಕಾಶ ಒದಗಿಸಿಕೊಟ್ಟಿದೆ. ಒಂದೇ ಐತಿಹಾಸಿಕ ಘಟನೆಯನ್ನು ಇಬ್ಬರೂ ತಮ್ಮ ತಮ್ಮ ಕಾದಂಬರಿಗಳಲ್ಲಿ ಬಳಸಿಕೊಂಡಿದ್ದಾರೆ.

ಆ ಘಟನೆ ನಡೆದದ್ದು 1804ರ ಅಕ್ಟೋಬರ್ 5ರಂದು, ಪೋರ್ಚುಗಲ್ಲಿನ ದಕ್ಷಿಣದ ಕಡಲಿನಲ್ಲಿ. ದಕ್ಷಿಣ ಅಮೆರಿಕದಿಂದ ಬೆಳ್ಳಿ ಬಂಗಾರಗಳನ್ನು ಹೊತ್ತು ತರುತ್ತಿದ್ದ ಸ್ಪೇನಿನ ನಾಲ್ಕು ಹಡಗುಗಳನ್ನು ಗ್ರಹಾಮ್ ಮೂರ್ ಎಂಬ ಕಪ್ತಾನನ ನೇತೃತ್ವದಲ್ಲಿ ನಾಲ್ಕು ಇಂಗ್ಲಿಷ್ ಹಡಗುಗಳು ಅಡ್ಡಗಟ್ಟಿದವು. ಆ ದಿನ ಇಂಗ್ಲೆಂಡಿಗೂ ಸ್ಪೇನಿಗೂ ಯುದ್ಧವಿರಲಿಲ್ಲ. ಆ ಹಣ ಫ್ರಾನ್ಸಿನ ಕೈ ಸೇರೀತೆಂಬ ಶಂಕೆಯಿಂದ ಅದನ್ನು ತಡೆಯಲು ಇಂಗ್ಲೆಂಡಿನ ಸರಕಾರ ಆಜ್ಞೆ ಮಾಡಿತ್ತು. ಸ್ಪೇನಿನವರು ಒಪ್ಪದೆ ಹೋದಾಗ ಗುಂಡು ಹಾರಿತು. ಸ್ವಲ್ಪ ಹೊತ್ತಿನಲ್ಲಿಯೇ ‘ಮರ್ಸಿಡಿಸ್’ ಎಂಬ ಹಡಗಿನ ಮದ್ದಿನ ಕೋಣೆಗೆ ಬೆಂಕಿ ತಗುಲಿ ಅದು ಸಿಡಿದು ಹೋಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಿಯೇಗೊ ದೆ ಆಲ್ವೆಯಾರ್ ಎಂಬ ಸ್ಪೇನಿನ ಅಧಿಕಾರಿ ಬೇರೊಂದು ಹಡಗಿನಲ್ಲಿದ್ದನು. ಅವನ ಹೆಂಡತಿಯೂ ಏಳು ಮಕ್ಕಳೂ ಮರ್ಸಿಡಿಸ್‌ನಲ್ಲಿದ್ದರು. ಅವನ ಕಣ್ಣೆದುರಿಗೇ ಎಲ್ಲರೂ ಇಲ್ಲವಾದರು. ಉಳಿದ ಮೂರು ಹಡಗುಗಳು ಇಂಗ್ಲಿಷರಿಗೆ ಸೆರೆ ಸಿಕ್ಕವು. ಆದರೆ ಯುದ್ಧ ಸಾರದೆ ಹಿಡಿದ ಹಡಗಾದ್ದರಿಂದ ಅದು ನಾವಿಕರ ಸೆರೆಪಾಲಲ್ಲ, ಪ್ರಭುತ್ವದ ಸೊತ್ತು ಎಂದು ತೀರ್ಮಾನವಾಯಿತು. ಹಿಡಿದವರಿಗೆ ಹಕ್ಕಿನಿಂದ ಏನೂ ಬರಲಿಲ್ಲ. ಪ್ರಭುತ್ವದ ಕೃಪೆಯಿಂದ ಕೊಂಚ ಪಾಲು ದೊರೆಯಿತು, ಅಷ್ಟೆ.

ಫಾರೆಸ್ಟರ್ ಅವರ ‘ಹಾರ್ನ್‌ಬ್ಲೋವರ್ ಅಂಡ್ ದಿ ಹಾಟ್‌ಸ್ಪರ್’ (1962) ಈ ಘಟನೆಯನ್ನು ಹೀಗೆ ಬಳಸುತ್ತದೆ. ಹಾರ್ನ್‌ಬ್ಲೋವರ್ ವೈದ್ಯನೊಬ್ಬನ ಮಗ; ಹಿಂದುಮುಂದಿಲ್ಲದ ಬಡವ; ತನ್ನ ಹಳಸಿದ ಉಡುಪನ್ನು ಕಂಡು ತಾನೇ ನಾಚುವವನು. ಆ ಹಣದ ಹಡಗುಗಳನ್ನು ಕಾಯುವ ತಂಡದಲ್ಲಿ ಅವನ ಸಣ್ಣ ಹಡಗೂ ಇದೆ. ಜೀವಮಾನದ ಬಡತನ ಒಂದೇ ದಿನದಲ್ಲಿ ಕಳೆಯುವ ಸುಸಂಧಿ ಅದು. ಅಷ್ಟರಲ್ಲಿ ಫ್ರಾನ್ಸಿನ ಯುದ್ಧನೌಕೆಯೊಂದು ಆ ಕಡೆ ಬರುವುದು ಕಾಣುತ್ತದೆ. ಅದನ್ನು ತಡೆಯದಿದ್ದರೆ ಕಾರ್ಯಭಂಗವಾದೀತು. ಹಾರ್ನ್‌ಬ್ಲೋವರ್ ಹಣದ ಹಡಗುಗಳಿಗೆ ಬೆನ್ನು ತಿರುಗಿಸಿ, ತನಗಿಂತ ಬಲವಾದ ಶತ್ರುವಿನತ್ತ ಹೊರಟು ಹೋಗುತ್ತಾನೆ. ಅವನು ತ್ಯಜಿಸಿದ ಆ ಸಿರಿ ಯಾರಿಗೂ ದಕ್ಕಲಿಲ್ಲವೆಂಬುದು ಆಮೇಲೆ ತಿಳಿಯುತ್ತದೆ. ಅವನ ತ್ಯಾಗವನ್ನು ಮೆಚ್ಚಿದ ಸೇನಾಪತಿ ಅವನಿಗೆ ಬಡ್ತಿ ಕೊಡಿಸುತ್ತಾನೆ.

ನಮ್ಮ ಆಲಂಕಾರಿಕರು ವೀರರಸವನ್ನು ಯುದ್ಧವೀರ, ದಾನವೀರ, ದಯಾವೀರ, ಧರ್ಮವೀರ ಎಂದು ವಿಂಗಡಿಸಿದ್ದಾರೆ. ಯುದ್ಧವೀರನಾಗಿದ್ದ ಹಾರ್ನ್‌ಬ್ಲೋವರ್ ಈ ಕ್ಷಣದಲ್ಲಿ ಧರ್ಮವೀರನಾಗುತ್ತಾನೆ. ಅವನಾದರೋ ತನ್ನನ್ನು ಧರ್ಮವೀರನೆಂದು ಒಮ್ಮೆಯೂ ಭಾವಿಸುವುದಿಲ್ಲ. ತನ್ನ ಪ್ರತಿಯೊಂದು ಕಾರ್ಯದ ಹಿಂದೆಯೂ ಅಹಂಕಾರವನ್ನೋ ಹೇಡಿತನವನ್ನೋ ಹುಡುಕಿ ತನ್ನನ್ನು ತಾನೇ ಹಳಿದುಕೊಳ್ಳುವುದು ಅವನ ಸ್ವಭಾವ. ಬಹಿರಂಗದ ಸಾಹಸಕ್ಕೆ ಅಂತರಂಗದ ಪರೀಕ್ಷೆಯನ್ನು ಹೀಗೆ ಜೋಡಿಸಿದ್ದು ಫಾರೆಸ್ಟರ್ ಅವರ ದೊಡ್ಡ ಸಾಧನೆ.

ಇದೇ ನಾಯಕನ ‘ಲೆಫ್ಟಿನೆಂಟ್ ಹಾರ್ನ್‌ಬ್ಲೋವರ್’ (1952) ಎಂಬ ಇನ್ನೊಂದು ಕಾದಂಬರಿಯಲ್ಲಿ ಬಡತನದ ಚಿತ್ರ ಇದಕ್ಕಿಂತ ಮನಮುಟ್ಟುವಂತಿದೆ. 1802ರ ಸಂಧಿಯಿಂದ ಯುದ್ಧ ನಿಂತು, ಸಂಬಳವೂ ನಿಂತು, ಅವನು ಹೊಟ್ಟೆಪಾಡಿಗಾಗಿ ಪಣವಿಟ್ಟು ಇಸ್ಪೀಟಾಡುವ ಸ್ಥಿತಿಗೆ ಬಂದಿರುತ್ತಾನೆ. ಅವನಿದ್ದ ಬಾಡಿಗೆ ಕೋಣೆಯ ಒಡತಿಯ ಮಗಳು ಮರಾಯ, ಅವಳೂ ಬಡವಳೇ, ಅವನಿಗೆ ತಿಳಿಯದಂತೆ ಅವನ ಕೋಟಿನ ಜೇಬಿನಲ್ಲಿ ಒಂದು ಬೆಳ್ಳಿ ನಾಣ್ಯ ಹಾಕಿಟ್ಟಿರುತ್ತಾಳೆ. ಗೆದ್ದ ಹಡಗುಗಳ ಲಕ್ಷಾಂತರ ಪೌಂಡುಗಳಿಗಿಂತ ಈ ಒಂದು ನಾಣ್ಯ ವಾಚಕನ ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಏಕೆಂದರೆ ಇದು ಯಾರಿಂದಲೂ ಕಸಿದುದಲ್ಲ, ಪ್ರೀತಿಯಿಂದ ಕೊಟ್ಟದ್ದು. ಆದರೆ ನಮ್ಮ ಒರೆಗಲ್ಲಿನ ಪ್ರಶ್ನೆಗೆ ಫಾರೆಸ್ಟರ್ ಉತ್ತರ ಕೊಡುವುದು ಅರ್ಧ ಮಾತ್ರ. ಹಣವನ್ನು ಬಿಟ್ಟುಕೊಟ್ಟವನ ಮನಸ್ಸನ್ನು ಅವರು ತೋರಿಸುತ್ತಾರೆ. ಹಣವನ್ನು ಕಳೆದುಕೊಂಡವರತ್ತ ಅವರ ದೃಷ್ಟಿ ಹೋಗುವುದಿಲ್ಲ. ಮರ್ಸಿಡಿಸ್ ಸಿಡಿಯುವ ಹೊತ್ತಿಗೆ ನಾಯಕನು ಬೇರೆಡೆ ಇರುತ್ತಾನೆ. ವಾಚಕನೂ ಬೇರೆಡೆ ಇರಬೇಕಾಗುತ್ತದೆ.

ಓಬ್ರಿಯನ್ ಅವರ ‘ಪೋಸ್ಟ್ ಕ್ಯಾಪ್ಟನ್’ (1972) ಕಾದಂಬರಿಯ ಕೊನೆಯಲ್ಲಿ ಇದೇ ಕಾಳಗ ಬರುತ್ತದೆ. ಅವರ ನಾಯಕ ಜಾಕ್ ಆಬ್ರಿ ಕಾಳಗದ ನಡುವೆಯೇ ಇದ್ದಾನೆ. ಕಡಲಿನಲ್ಲಿ ಅವನಷ್ಟು ಚತುರನಿಲ್ಲ. ನೆಲಕ್ಕಿಳಿದರೆ ಅವನಷ್ಟು ಮುಗ್ಧನಿಲ್ಲ. ಹಿಂದೆ ಗಳಿಸಿದ ಸೆರೆಪಾಲನ್ನು ಅವನ ಹಣ ನೋಡಿಕೊಳ್ಳುತ್ತಿದ್ದ ದಲ್ಲಾಳಿ ಮುಳುಗಿಸಿದ್ದಾನೆ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಅವನು ದೇಶವನ್ನೇ ಬಿಟ್ಟು ಓಡಬೇಕಾಗಿತ್ತು. ಈ ಸ್ಪೇನಿನ ಬೆಳ್ಳಿಯಿಂದ ಸಾಲ ತೀರಿಸಿ ಮದುವೆಯಾಗುವೆನೆಂದು ಅವನು ನಂಬಿದ್ದಾಗ, ಮುಂದಿನ ಕಾದಂಬರಿ ‘ಎಚ್. ಎಂ. ಎಸ್. ಸರ್‌ಪ್ರೈಸ್’ (1973) ಆರಂಭವಾಗುವುದೇ ಆ ಹಣ ಪ್ರಭುತ್ವದ ಸೊತ್ತೆಂಬ ನಿರ್ಣಯದಿಂದ. ನಾಯಕನು ಕಾಳಗ ಗೆದ್ದವನಾಗಿಯೂ ಸಾಲದ ಸೆರೆಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಲಕ್ಷ್ಮಿಯ ಚಂಚಲತೆಯನ್ನು ಕುರಿತು ಉಪದೇಶದ ಒಂದು ವಾಕ್ಯವನ್ನೂ ಬರೆಯದೆ, ಕಥೆಯ ನಡೆಯಿಂದಲೇ ಅದನ್ನು ಮನಗಾಣಿಸುವ ಈ ಕೌಶಲ ಮೆಚ್ಚತಕ್ಕದ್ದು.

ಓಬ್ರಿಯನ್ ಅವರ ಹಿರಿಮೆ ಜಾಕ್‌ನ ಪಕ್ಕದಲ್ಲಿ ಸ್ಟೀಫನ್‌ನನ್ನು ನಿಲ್ಲಿಸಿದುದರಲ್ಲಿದೆ. ಅರ್ಧ ಐರಿಷ್, ಅರ್ಧ ಕ್ಯಾಟಲನ್ ರಕ್ತದ ಈ ವೈದ್ಯನು ಮೊದಲ ಕಾದಂಬರಿಯಲ್ಲಿ ಮಿನೋರ್ಕ ದ್ವೀಪದ ಮಹೋನ್ ಬಂದರಿನಲ್ಲಿ ಕೈಯಲ್ಲಿ ಕಾಸಿಲ್ಲದೆ, ಪಾಳುಗುಡಿಯೊಂದರಲ್ಲಿ ಮಲಗುತ್ತ ಕಾಲ ಕಳೆಯುತ್ತಿದ್ದವನು. ಅವನಿಗೆ ಬೇಕಾದುದು ಹಣವಲ್ಲ, ಪಕ್ಷಿಪ್ರಾಣಿಗಳ ಜ್ಞಾನ. ಅವನೂ ಜಾಕ್‌ನೂ ಸಂಜೆ ಹಡಗಿನ ಕೋಣೆಯಲ್ಲಿ ಪಿಟೀಲನ್ನೂ ಅದರ ಹಿರಿಯ ವಾದ್ಯವಾದ ಚೆಲ್ಲೋವನ್ನೂ ನುಡಿಸುತ್ತ ಕೂರುವ ಪ್ರಸಂಗಗಳು ಇಡೀ ಮಾಲೆಯ ಶಾಂತಿಸ್ಥಾನಗಳು. ಜಾಕ್ ನೋಡಲಾರದ್ದನ್ನು ಸ್ಟೀಫನ್ ನೋಡುತ್ತಾನೆ.

‘ಎಚ್. ಎಂ. ಎಸ್. ಸರ್‌ಪ್ರೈಸ್’ ಕಾದಂಬರಿಯಲ್ಲಿ ಹಡಗು ಮುಂಬಯಿಗೆ ಬರುತ್ತದೆ. ಅಲ್ಲಿ ಸ್ಟೀಫನ್‌ನಿಗೆ ದಿಲ್ ಎಂಬ ಬೀದಿಯ ಬಡ ಹುಡುಗಿಯ ಪರಿಚಯವಾಗುತ್ತದೆ. ಅವಳು ಅವನಿಗೆ ಊರು ತೋರಿಸುತ್ತಾಳೆ; ಅವನ ಅಜ್ಞಾನವನ್ನು ಕಂಡು ನಗುತ್ತಾಳೆ. ಅವಳ ಜೀವನದ ಮಹದಾಶೆ ಬೆಳ್ಳಿಯ ಬಳೆಗಳು. ಸ್ಟೀಫನ್ ವಾತ್ಸಲ್ಯದಿಂದ ಅವನ್ನು ಕೊಡಿಸುತ್ತಾನೆ. ಆ ಬಳೆಗಳಿಗಾಗಿಯೇ ಯಾರೋ ಅವಳನ್ನು ಕೊಲ್ಲುತ್ತಾರೆ. ಸ್ಟೀಫನ್ ತಾನೇ ಮುಂದೆ ನಿಂತು ಅವಳ ಶವಕ್ಕೆ ಬೆಂಕಿ ಕೊಡುತ್ತಾನೆ.

ಈ ಪ್ರಸಂಗವನ್ನು ಕೆಲವರು ಕಥೆಗೆ ಹೊರತಾದುದೆಂದು ಭಾವಿಸಬಹುದು, ಅದು ಸರಿಯಲ್ಲ. ಸ್ಪೇನಿನ ಹಡಗುಗಳಲ್ಲಿದ್ದುದೂ ಬೆಳ್ಳಿ, ದಿಲ್‌ಳ ಕೈಯಲ್ಲಿದ್ದುದೂ ಬೆಳ್ಳಿ. ನಾಲ್ಕು ಹಡಗಿನ ಬೆಳ್ಳಿಗಾಗಿ ಇನ್ನೂರು ಜನ ಸತ್ತರು. ಅಂಗೈಯಗಲದ ಬೆಳ್ಳಿಗಾಗಿ ಒಂದು ಮಗು ಸತ್ತಿತು. ಮೊದಲನೆಯದಕ್ಕೆ ರಾಜಾಜ್ಞೆಯ ಮುದ್ರೆಯಿದೆ, ಎರಡನೆಯದಕ್ಕೆ ಇಲ್ಲ. ಓಬ್ರಿಯನ್ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡನ್ನೂ ಒಂದೇ ಪುಸ್ತಕದೊಳಗೆ ಇಟ್ಟು ಸುಮ್ಮನಾಗುತ್ತಾರೆ. ಸಹೃದಯನಿಗೆ ಧ್ವನಿ ತಾನಾಗಿಯೇ ಹೊಳೆಯುತ್ತದೆ. ಸಿರಿಯನ್ನರಸುವ ಬಡವರ ಕಥೆಯಲ್ಲಿ, ಸಿರಿಯಿಂದ ಸತ್ತ ಬಡವಳೊಬ್ಬಳಿಗೂ ಸ್ಥಳ ದೊರೆತದ್ದರಿಂದ ಈ ಕೃತಿ ಬರಿಯ ಸಾಹಸಕಥೆಯ ಮಟ್ಟವನ್ನು ಮೀರಿ ನಿಲ್ಲುತ್ತದೆ.

ಆದರೂ ಒಂದು ಮಾತನ್ನು ಹೇಳದೆ ಬಿಡಲಾಗದು. ಸಮುದ್ರದ ತಳ ಸೇರಿದ ಮರ್ಸಿಡಿಸ್‌ನ ನಾಣ್ಯಗಳನ್ನು 2007ರಲ್ಲಿ ಅಮೆರಿಕದ ಒಂದು ಖಾಸಗಿ ಸಂಸ್ಥೆ ಮೇಲೆತ್ತಿತು. ಐದು ಲಕ್ಷಕ್ಕೂ ಮಿಕ್ಕ ನಾಣ್ಯಗಳು! ಸ್ಪೇನ್ ದಾವೆ ಹೂಡಿ ಗೆದ್ದು, 2012ರಲ್ಲಿ ಅವನ್ನು ತನ್ನ ದೇಶಕ್ಕೆ ತರಿಸಿಕೊಂಡಿತು. ಪೆರು ದೇಶವೂ ಅದೇ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಕೇಳಿತ್ತು, ಅದು ಪುರಸ್ಕೃತವಾಗಲಿಲ್ಲ. ಆ ಬೆಳ್ಳಿಯನ್ನು ಅಗೆದದ್ದು ಸ್ಪೇನಿನ ಆಳ್ವಿಕೆಯಲ್ಲಿ ದಕ್ಷಿಣ ಅಮೆರಿಕದ ಮೂಲನಿವಾಸಿಗಳು. ಅಲ್ಲಿಯ ಪೊಟೊಸಿಯಂಥ ಗಣಿಗಳಿಗೆ ಅವರನ್ನು ಬಿಟ್ಟಿ ಸರದಿಯಲ್ಲಿ ಬಲವಂತವಾಗಿ ಕಳಿಸುತ್ತಿದ್ದರು. ಸೆರೆಪಾಲು ಯಾರಿಗೆ ಸಲ್ಲಬೇಕೆಂದು ಕಪ್ತಾನರೂ ಮಂತ್ರಿಗಳೂ ವಾದಿಸಿದರು. ಎರಡು ಶತಮಾನಗಳ ತರುವಾಯ ಸಂಸ್ಥೆಗಳೂ ಸರಕಾರಗಳೂ ವಾದಿಸಿದವು. ಆ ಗಣಿಯಾಳು ಈ ಎರಡು ಕಾದಂಬರಿಗಳಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕಾಯಕದಿಂದ ಬಂದ ಧನ ಬೇರೆ, ಸೂರೆಯಿಂದ ಬಂದ ಧನ ಬೇರೆ ಎಂಬ ವಿವೇಕವುಳ್ಳ ನಮ್ಮ ವಾಚಕರಿಗೆ ಈ ಕೊರತೆ ಕಾಣದಿರದು.

ಕೊನೆಯದಾಗಿ, ನಮ್ಮ ನೆಲಕ್ಕೇ ಸಂಬಂಧಪಟ್ಟ ಕೃತಿಯೊಂದನ್ನು ಪರಿಶೀಲಿಸೋಣ. ಕಡಲಿನಲ್ಲಿದ್ದ ಸೆರೆಪಾಲಿನ ಪದ್ಧತಿ ನೆಲದ ಸೈನ್ಯದಲ್ಲಿಯೂ ಇತ್ತು. ಗೆದ್ದ ಕೋಟೆಯ ಸಂಪತ್ತನ್ನು ಹೀಗೆಯೇ ದರ್ಜೆಗನುಸಾರ ಹಂಚುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ನಡೆದದ್ದೂ ಅದೇ. ಬರ್ನಾರ್ಡ್ ಕಾರ್ನ್‌ವೆಲ್ ಎಂಬ ಇಂಗ್ಲಿಷ್ ಲೇಖಕರು 1981ರಿಂದ ಬರೆಯುತ್ತ ಬಂದಿರುವ ರಿಚರ್ಡ್ ಷಾರ್ಪ್ ಎಂಬ ಸೈನಿಕನ ಕಥಾಮಾಲೆಯಲ್ಲಿ, ‘ಷಾರ್ಪ್ಸ್ ಟೈಗರ್’ (1997) ಈ ಮುತ್ತಿಗೆಯನ್ನೇ ವಸ್ತುವಾಗಿ ಮಾಡಿಕೊಂಡಿದೆ. ಇದೇ ನಾಯಕನನ್ನು ಅವರು 2000ದಲ್ಲಿ ಬಂದ ‘ಷಾರ್ಪ್ಸ್ ಟ್ರಫಾಲ್ಗರ್’ ಕಾದಂಬರಿಯಲ್ಲಿ ಹಡಗೇರಿಸಿ 1805ರ ಮಹಾ ನೌಕಾಯುದ್ಧಕ್ಕೂ ಕರೆದೊಯ್ಯುತ್ತಾರೆ.

ಷಾರ್ಪ್ ಲಂಡನ್ನಿನ ಅನಾಥ. ಸೈನ್ಯದಲ್ಲಿ ಕೆಳಗಿನ ಸಿಪಾಯಿ. ದುಷ್ಟನಾದ ಸಾರ್ಜೆಂಟನೊಬ್ಬನ ಕುತಂತ್ರದಿಂದ ಚಾವಟಿಯ ಏಟು ತಿಂದು ಬೆನ್ನು ಹರಿಸಿಕೊಂಡವನು. ಅವನನ್ನು ಸೈನ್ಯದಿಂದ ಓಡಿಹೋದವನಂತೆ ನಟಿಸಹೇಳಿ ಕೋಟೆಯೊಳಕ್ಕೆ ಕಳಿಸುತ್ತಾರೆ. ಕೋಟೆ ಬೀಳುವ ದಿನ ಅವನು ಟಿಪ್ಪುಸುಲ್ತಾನನನ್ನು ಕೊಂದು, ಮೈಮೇಲಿದ್ದ ರತ್ನಗಳನ್ನು ತೆಗೆದುಕೊಳ್ಳುತ್ತಾನೆ. ಟಿಪ್ಪುವನ್ನು ಕೊಂದ ಸಿಪಾಯಿ ಯಾರೆಂದು ಚರಿತ್ರೆಗೆ ಗೊತ್ತಿಲ್ಲ; ಆ ತೆರವಿನಲ್ಲಿ ಲೇಖಕರು ತಮ್ಮ ನಾಯಕನನ್ನು ಜಾಣ್ಮೆಯಿಂದ ಕೂರಿಸಿದ್ದಾರೆ. ಟಿಪ್ಪುವಿನ ಆಳ್ವಿಕೆಯ ಗುಣದೋಷಗಳ ವಿಚಾರಕ್ಕೆ ಇದು ಸ್ಥಳವಲ್ಲ. ಕಾರ್ನ್‌ವೆಲ್ ಅವನನ್ನು ಹೇಡಿಯಾಗಿ ಚಿತ್ರಿಸದೆ ಶೂರನಾಗಿಯೇ ಚಿತ್ರಿಸಿದ್ದಾರೆಂಬುದನ್ನು ಒಪ್ಪಲೇಬೇಕು. ಯುದ್ಧವರ್ಣನೆ ಕಣ್ಣಿಗೆ ಕಟ್ಟುತ್ತದೆ. ಕೆಳಗಿನ ಸಿಪಾಯಿಗೆ ಮೇಲಧಿಕಾರಿಗಳು ಮಾಡುವ ಅನ್ಯಾಯದ ಬಗ್ಗೆ ಲೇಖಕರಿಗೆ ನಿಜವಾದ ಕೋಪವಿದೆ.

ಆದರೆ ರತ್ನಗಳು ಷಾರ್ಪ್‌ನ ಕೈಸೇರುವ ಘಳಿಗೆಯಲ್ಲಿ ವಾಚಕನಿಂದ ಲೇಖಕರು ನಿರೀಕ್ಷಿಸುವುದು ಹರ್ಷವನ್ನು. ಚಾವಟಿಯೇಟು ತಿಂದವನಿಗೆ ಕೊನೆಗೂ ಫಲ ಸಿಕ್ಕಿತಲ್ಲ ಎಂಬ ತೃಪ್ತಿಯನ್ನು. ಇಂಗ್ಲೆಂಡಿನ ವಾಚಕನು ಹಾಗೆ ತೃಪ್ತನಾಗಬಹುದು. ಮಂಡ್ಯ ಮೈಸೂರುಗಳ ವಾಚಕನು ಆಗಬಲ್ಲನೆ? ಅಂದು ರಾತ್ರಿ ಆ ಊರಿನ ಮನೆಮನೆಗಳು ಸೂರೆಯಾದವು. ಮರುದಿನ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ಹತೋಟಿಗೆ ಬಂದದ್ದು. ಸುಲ್ತಾನನ ಸಿಂಹಾಸನವನ್ನು ಒಡೆದು ತುಂಡುಮಾಡಿ ಹಂಚಿದರು. ಅವನ ಮರದ ಹುಲಿಯ ಯಂತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸೇನಾಪತಿ ಹ್ಯಾರಿಸ್‌ಗೆ ಬಂದ ಪಾಲು ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೂ ಮಿಕ್ಕದ್ದು. ಇಂಗ್ಲಿಷ್ ಸಿಪಾಯಿಗೆ ಬಂದದ್ದು ಸುಮಾರು 7 ಪೌಂಡು. ನಮ್ಮ ದೇಶದ ಸಿಪಾಯಿಗೆ ಸುಮಾರು 5 ಪೌಂಡು. ಇಂಗ್ಲೆಂಡಿನ ಬಡವನು ಮೈಸೂರಿನ ಸಿರಿಯಿಂದ ಉದ್ಧಾರವಾದನೆಂಬುದು ಕಾದಂಬರಿಯ ಕಲ್ಪನೆ. ಲೆಕ್ಕದ ಪುಸ್ತಕ ಹೇಳುವುದು ಬೇರೆಯದನ್ನೇ. ಬಡವನು ಪ್ರಾಣವನ್ನು ಪಣವಿಟ್ಟನು, ಇನ್ನೊಬ್ಬ ಬಡವನ ಮನೆ ಹಾಳಾಯಿತು, ಸಿರಿ ಮೇಲಿನವನ ಪೆಟ್ಟಿಗೆ ಸೇರಿತು.

ಅನೌಚಿತ್ಯಕ್ಕಿಂತ ಹೆಚ್ಚಿನ ರಸಭಂಗಕಾರಣವಿಲ್ಲವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. ಷಾರ್ಪ್‌ನ ಶೌರ್ಯ ಸುಳ್ಳಲ್ಲ. ಸತ್ತವನ ಮೈಮೇಲಿನ ಒಡವೆಯನ್ನು ಆ ಶೌರ್ಯದ ಬಹುಮಾನವೆಂದು ಬಿಂಬಿಸಿದಾಗ ವೀರವು ವೀರಾಭಾಸವಾಗುತ್ತದೆ. ಸ್ಟೀವನ್‌ಸನ್ ಅವರ ಜಿಮ್ ಒಂದು ಕ್ಷಣ ನಿಂತು ಮಾಡಿದ ಲೆಕ್ಕವನ್ನು ಷಾರ್ಪ್ ಮಾಡುವುದಿಲ್ಲ. ಅವನ ಲೇಖಕರೂ ಮಾಡಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. “ಚಾರಿತ್ರಿಕ ಕಾದಂಬರಿ ಆ ಕಾಲದ ಜನರನ್ನು ಇದ್ದಂತೆ ಚಿತ್ರಿಸಬೇಕು. ಓದುಬರಹವಿಲ್ಲದ ಸಿಪಾಯಿಯಿಂದ ಧರ್ಮಜಿಜ್ಞಾಸೆಯನ್ನು ನಿರೀಕ್ಷಿಸುವುದು ಅಸಹಜ” ಎಂದು. ಈ ಮಾತು ನ್ಯಾಯವಾದದ್ದೇ. ಸಿಪಾಯಿ ಸಿಪಾಯಿಯಂತೆಯೇ ನಡೆಯಲಿ. ಆದರೆ ಪಾತ್ರಕ್ಕೆ ಕಾಣದ್ದು ಕರ್ತೃವಿಗೆ ಕಾಣಬೇಕು. ಜಾಕ್ ಆಬ್ರಿಗೂ ಹಣದ ಮೋಹವಿದೆ. ಅವನನ್ನು ತಿದ್ದಲು ಓಬ್ರಿಯನ್ ಹೋಗಲಿಲ್ಲ. ಅವನ ಹಡಗಿನಲ್ಲಿಯೇ ಸ್ಟೀಫನ್‌ನನ್ನು ಇರಿಸಿದರು, ಅವನ ದಾರಿಯಲ್ಲಿ ದಿಲ್‌ಳನ್ನು ತಂದರು. ಕಥೆಯ ವೇಗಕ್ಕೆ ಇದರಿಂದ ಕುಂದೇನೂ ಬರಲಿಲ್ಲ. ಆದ್ದರಿಂದ ಇದು ಸಾಹಸಕಥೆಗೆ ಅಸಾಧ್ಯವಾದ ಬೇಡಿಕೆಯೆಂದು ಹೇಳಲು ಬರುವಂತಿಲ್ಲ.

ಈಗ ಶಿಷ್ಯರ ಪ್ರಶ್ನೆಗೆ ಉತ್ತರ. ಮಕ್ಕಳು ಈ ಪುಸ್ತಕಗಳನ್ನು ಓದಲಿ. ‘ಟ್ರೆಷರ್ ಐಲೆಂಡ್’ ಮೊದಲು ಓದಲಿ. ಕಾಲೇಜಿನ ವಯಸ್ಸಿಗೆ ಬಂದವರು ಹಾರ್ನ್‌ಬ್ಲೋವರ್‌ನಿಂದ ಆತ್ಮಪರೀಕ್ಷೆಯನ್ನೂ, ಜಾಕ್ ಸ್ಟೀಫನ್‌ರಿಂದ ಸ್ನೇಹದ ಬೆಲೆಯನ್ನೂ ತಿಳಿಯಲಿ. ‘ಷಾರ್ಪ್ಸ್ ಟೈಗರ್’ ಪುಸ್ತಕವನ್ನು ಅವರಿಂದ ಬಚ್ಚಿಡಬೇಕಾಗಿಲ್ಲ. ಅದನ್ನು ಓದಿ ಮುಗಿಸಿದ ಮಗನನ್ನೋ ಮಗಳನ್ನೋ ಕರೆದುಕೊಂಡು ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗಿಬನ್ನಿರಿ. ಕೋಟೆಯ ನೀರುಬಾಗಿಲ ಬಳಿ ನಿಂತು, ಆ ರಾತ್ರಿ ಈ ಊರಿನಲ್ಲಿ ವಾಸವಾಗಿದ್ದವರು ಯಾರು, ಅವರ ಮನೆಗಳಿಂದ ಏನೇನು ಹೋಯಿತು, ಅದು ಕೊನೆಗೆ ಯಾರ ಕೈ ಸೇರಿತು ಎಂದು ಕೇಳಿರಿ. ಮಕ್ಕಳು ತಾವೇ ಉತ್ತರ ಹುಡುಕಿಕೊಳ್ಳುವರು. ಹಾಗೆ ಹುಡುಕಲು ಕಲಿತವರು ಮುಂದೆ ಎಂಥ ಸಾಹಸಕಥೆಯನ್ನು ಓದಿದರೂ ಅದರಿಂದ ಕೇಡಿಲ್ಲ.